ಪ್ರವೇಶದ ಲೆಕ್ಕ, ಪದವಿಯ ಲೆಕ್ಕ: ಅಮೆರಿಕದ ಸಮುದಾಯ ಕಾಲೇಜುಗಳಿಂದ ಒಂದು ಪರಿವ್ಯಯ ಪಾಠ

ಯಾವುದೇ ಕಾರ್ಖಾನೆಯ ಪರಿವ್ಯಯ ಪಟ್ಟಿಯನ್ನು ಸಿದ್ಧಪಡಿಸುವಾಗ ಒಟ್ಟು ವೆಚ್ಚವನ್ನು ಒಳಹೋದ ಕಚ್ಚಾ ಸಾಮಗ್ರಿಯ ಪ್ರಮಾಣದಿಂದ ಭಾಗಿಸಿ, ಇದೇ ನಮ್ಮ ಘಟಕ ವೆಚ್ಚ ಎಂದು ಯಾರೂ ಹೇಳುವುದಿಲ್ಲ. ಹೊರಬಂದ ಸಿದ್ಧ ಸರಕಿನಿಂದ ಭಾಗಿಸಿದಾಗಲೇ ನಿಜವಾದ ಘಟಕ ವೆಚ್ಚ ದೊರೆಯುತ್ತದೆ. ವಾಣಿಜ್ಯ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿಗೂ ತಿಳಿದಿರುವ ಈ ನಿಯಮವನ್ನು ಶಿಕ್ಷಣದ ವಿಷಯದಲ್ಲಿ ಮಾತ್ರ ಬಹುತೇಕ ಎಲ್ಲ ದೇಶಗಳೂ ಮರೆಯುತ್ತವೆ. ಸರ್ಕಾರಗಳ ಆಯವ್ಯಯದಲ್ಲಿಯೂ ದಾನಿಗಳ ವರದಿಗಳಲ್ಲಿಯೂ ಕಾಣಸಿಗುವುದು 'ಪ್ರತಿ ವಿದ್ಯಾರ್ಥಿಯ ವೆಚ್ಚ'. ಅಂದರೆ ಪ್ರವೇಶ ಪಡೆದವನ ವೆಚ್ಚ. ವ್ಯಾಸಂಗವನ್ನು ಮುಗಿಸಿ ಹೊರಬಂದವನ ವೆಚ್ಚ ಎಷ್ಟು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಮುದಾಯ ಕಾಲೇಜುಗಳ ಅನುಭವ ಉತ್ತಮ ನಿದರ್ಶನ. ವಿದ್ಯಾರ್ಥಿ ಸರಕಲ್ಲ, ಮಧ್ಯದಲ್ಲಿ ವ್ಯಾಸಂಗ ನಿಲ್ಲಿಸಿದವನು ತ್ಯಾಜ್ಯವೂ ಅಲ್ಲ. ಇಲ್ಲಿ ಪರಿವ್ಯಯ ಶಾಸ್ತ್ರದ ಪರಿಭಾಷೆಯನ್ನು ಬಳಸಿರುವುದು ಹಣ ಮತ್ತು ಶ್ರಮ ಎಲ್ಲಿ ಸೋರಿಹೋಗುತ್ತಿವೆ ಎಂಬುದನ್ನು ಗುರುತಿಸುವ ಉದ್ದೇಶದಿಂದ ಮಾತ್ರ.

ಸಮುದಾಯ ಕಾಲೇಜು: ಸ್ಥೂಲ ಪರಿಚಯ

ಅಮೆರಿಕದ ಅತ್ಯಂತ ಹಳೆಯ ಸಾರ್ವಜನಿಕ ಜೂನಿಯರ್ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ 1901ರಲ್ಲಿ ಆರಂಭವಾಯಿತು. ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್ ಪ್ರೌಢಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಇದರ ರೂವಾರಿಗಳು. ಊರಿನ ಮಕ್ಕಳು ಊರಿನಲ್ಲಿಯೇ ಇದ್ದು ಪದವಿಯ ಮೊದಲ ಎರಡು ವರ್ಷಗಳನ್ನು ಮುಗಿಸಲಿ ಎಂಬುದು ಮೂಲ ಆಶಯ. ಎರಡನೆಯ ಮಹಾಯುದ್ಧದ ಅನಂತರ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗವು ಇಂತಹ ಕಾಲೇಜುಗಳ ಜಾಲವನ್ನು ದೇಶಾದ್ಯಂತ ವಿಸ್ತರಿಸಲು ಸಲಹೆ ನೀಡಿತು. 'ಸಮುದಾಯ ಕಾಲೇಜು' ಎಂಬ ಹೆಸರು ಬಳಕೆಗೆ ಬಂದುದು ಮುಖ್ಯವಾಗಿ ಆ ವರದಿಯಿಂದ. ಇಂದು ಆ ದೇಶದಲ್ಲಿ ಇಂತಹ ಸುಮಾರು ಒಂದು ಸಾವಿರ ಕಾಲೇಜುಗಳಿವೆ.

ಈ ಕಾಲೇಜುಗಳು ಎರಡು ವರ್ಷಗಳ 'ಅಸೋಸಿಯೇಟ್' ಪದವಿಯನ್ನೂ ಅಲ್ಪಾವಧಿಯ ವೃತ್ತಿ ಪ್ರಮಾಣಪತ್ರಗಳನ್ನೂ ನೀಡುತ್ತವೆ. ನರ್ಸಿಂಗ್, ವಾಹನ ದುರಸ್ತಿ, ಲೆಕ್ಕಪತ್ರ, ಕಂಪ್ಯೂಟರ್, ಶಿಶುಪಾಲನೆ ಇತ್ಯಾದಿ ವಿಷಯಗಳು ಇಲ್ಲಿ ಲಭ್ಯ. ಇಲ್ಲಿಂದ ನಾಲ್ಕು ವರ್ಷಗಳ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯುವ ಮಾರ್ಗವೂ ಉಂಟು. ಪ್ರೌಢಶಿಕ್ಷಣ ಮುಗಿಸಿದ ಬಹುಮಟ್ಟಿಗೆ ಎಲ್ಲರಿಗೂ ಪ್ರವೇಶ ದೊರೆಯುತ್ತದೆ. ಸ್ಥಳೀಯ ವಿದ್ಯಾರ್ಥಿಗೆ ಪೂರ್ಣಾವಧಿ ವ್ಯಾಸಂಗದ ಬೋಧನಾ ಶುಲ್ಕ ವರ್ಷಕ್ಕೆ ಸರಾಸರಿ 4,000 ಡಾಲರಿನ ಆಸುಪಾಸು. ಅಲ್ಲಿನ ಮಟ್ಟಕ್ಕೆ ಇದು ಅತ್ಯಂತ ಕಡಿಮೆ. ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಅರೆಕಾಲಿಕರು. ಅನೇಕರು ಉದ್ಯೋಗಸ್ಥರು, ಕೆಲವರು ಮಕ್ಕಳ ತಂದೆತಾಯಿಯರು, ಹಲವರು ತಮ್ಮ ಕುಟುಂಬದಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು.

ಎಷ್ಟು ಮಂದಿ ಮುಗಿಸುತ್ತಾರೆ?

ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಒಳಹೋದವರಲ್ಲಿ ಹೆಚ್ಚಿನವರು ಪದವಿಯೊಡನೆ ಹೊರಬರುವುದಿಲ್ಲ. ಮೊದಲ ಬಾರಿಗೆ ಪೂರ್ಣಾವಧಿಗೆ ಸೇರಿದವರಲ್ಲಿ, ಎರಡು ವರ್ಷಗಳ ಪದವಿಯನ್ನು ಮೂರು ವರ್ಷಗಳೊಳಗೆ ಅದೇ ಕಾಲೇಜಿನಲ್ಲಿ ಮುಗಿಸುವವರು ಶೇಕಡಾ 30ರ ಆಸುಪಾಸು. 1990ರ ಕಾನೂನಿನ ಪ್ರಕಾರ ಪ್ರಕಟಿಸಬೇಕಾದ ಅಧಿಕೃತ ಅಂಕಿ ಇದು. ಆದರೆ ಇದು ಸಂಪೂರ್ಣ ಚಿತ್ರವಲ್ಲ. ಅರೆಕಾಲಿಕರು ಇದರಲ್ಲಿ ಸೇರುವುದಿಲ್ಲ. ಮಧ್ಯದಲ್ಲಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡವನು ಪದವೀಧರರ ಸಾಲಿಗೆ ಬರುವುದಿಲ್ಲ. ಎಲ್ಲ ಬಗೆಯ ವಿದ್ಯಾರ್ಥಿಗಳನ್ನೂ ಎಲ್ಲ ಕಾಲೇಜುಗಳಲ್ಲಿಯೂ ಆರು ವರ್ಷಗಳ ಕಾಲ ಹಿಂಬಾಲಿಸಿ ಲೆಕ್ಕ ಹಾಕುವ ರಾಷ್ಟ್ರೀಯ ವಿದ್ಯಾರ್ಥಿ ದಾಖಲೆ ಕೇಂದ್ರದ ಅಂಕಿಗಳ ಪ್ರಕಾರವೂ ಯಾವುದಾದರೊಂದು ಪದವಿ ಅಥವಾ ಪ್ರಮಾಣಪತ್ರ ಪಡೆಯುವವರು ಶೇಕಡಾ 40ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಅಂದರೆ ಆರು ವರ್ಷ ಕಾದರೂ ಅರ್ಧಕ್ಕಿಂತ ಹೆಚ್ಚು ಮಂದಿಯ ಕೈಯಲ್ಲಿ ಏನೂ ಇರುವುದಿಲ್ಲ.

ಎಲ್ಲ ಬಗೆಯ ಕಾಲೇಜುಗಳನ್ನೂ ಸೇರಿಸಿದರೆ, ಒಂದಿಷ್ಟು ಓದಿ ಯಾವ ಪ್ರಮಾಣಪತ್ರವೂ ಇಲ್ಲದೆ ಹೊರಬಂದ ಅಮೆರಿಕನ್ನರ ಸಂಖ್ಯೆ ಸುಮಾರು 4 ಕೋಟಿ. ಲೆಕ್ಕಿಗನ ಭಾಷೆಯಲ್ಲಿ ಇದು ಗೋದಾಮಿನಲ್ಲಿ ನಿಂತುಹೋದ ಅರೆಸಿದ್ಧ ಸರಕು. ವೆಚ್ಚವೆಲ್ಲ ಆಗಿಹೋಗಿದೆ, ಮಾರುಕಟ್ಟೆಯ ಬೆಲೆ ಮಾತ್ರ ದೊರೆಯುತ್ತಿಲ್ಲ. ಈ ನಷ್ಟ ವಿದ್ಯಾರ್ಥಿಯ ಬದುಕಿನ ಮೇಲೆ ಬೀಳುವ ಬಗೆಯನ್ನು ಸಾಲದ ಅಂಕಿಗಳು ತೋರಿಸುತ್ತವೆ. ಅಮೆರಿಕದಲ್ಲಿ ಶಿಕ್ಷಣ ಸಾಲದ ಕಂತು ಕಟ್ಟಲಾಗದೆ ಸುಸ್ತಿದಾರರಾಗುವವರಲ್ಲಿ ಭಾರೀ ಸಾಲಗಾರರಿಗಿಂತ ಸಣ್ಣ ಸಾಲಗಾರರ ಪ್ರಮಾಣ ಹೆಚ್ಚು. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಕಾರಣ ಸರಳ. ದೊಡ್ಡ ಸಾಲ ಮಾಡಿದವನು ಬಹುತೇಕ ವ್ಯಾಸಂಗ ಮುಗಿಸಿ ಒಳ್ಳೆಯ ಸಂಬಳ ಪಡೆಯುತ್ತಾನೆ. ಸಣ್ಣ ಸಾಲ ಮಾಡಿದವನು ಒಂದೆರಡು ಅವಧಿ ಓದಿ ನಿಲ್ಲಿಸಿದವನು. ಸಾಲ ಉಳಿಯಿತು, ಅದನ್ನು ತೀರಿಸುವ ಶಕ್ತಿ ಬರಲಿಲ್ಲ.

ನಷ್ಟ ಸಂಭವಿಸುವ ಸ್ಥಳ

ಪ್ರಕ್ರಿಯಾ ಪರಿವ್ಯಯದಲ್ಲಿ ನಷ್ಟವನ್ನು ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ. ಕೆಲಸದ ಸ್ವಭಾವದಿಂದಲೇ ಆಗುವ ನಷ್ಟ ಸಹಜ ನಷ್ಟ. ತಡೆಯಬಹುದಾಗಿದ್ದರೂ ತಡೆಯದೆ ಆದುದು ಅಸಹಜ ನಷ್ಟ. ಸಮುದಾಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬಿಟ್ಟುಹೋಗುವುದನ್ನು ಬಹುಕಾಲ ಸಹಜ ನಷ್ಟವೆಂದೇ ಭಾವಿಸಲಾಗಿತ್ತು. ಓದಲು ಸಾಮರ್ಥ್ಯವಿಲ್ಲದವರು ಬರುತ್ತಾರೆ, ಅನುತ್ತೀರ್ಣರಾಗಿ ಹೋಗುತ್ತಾರೆ ಎಂಬುದು ಅಂದಿನ ತಿಳಿವಳಿಕೆ. ಪ್ರತಿ ಹಂತದ ದಾಖಲೆಗಳನ್ನು ಬಿಡಿಸಿ ನೋಡಿದಾಗ ಈ ತಿಳಿವಳಿಕೆ ನಿಲ್ಲಲಿಲ್ಲ.

ಪ್ರವೇಶದ ವೇಳೆಯಲ್ಲಿ ಗಣಿತ ಮತ್ತು ಇಂಗ್ಲಿಷ್‌ನಲ್ಲಿ ಒಂದು ಸಣ್ಣ ಪರೀಕ್ಷೆ ನಡೆಸಿ, ಕಡಿಮೆ ಅಂಕ ಬಂದವರನ್ನು ಪೂರ್ವಸಿದ್ಧತಾ ತರಗತಿಗಳಿಗೆ ಕಳುಹಿಸುವುದು ರೂಢಿಯಾಗಿತ್ತು. ಈ ತರಗತಿಗಳಿಗೆ ಶುಲ್ಕವುಂಟು, ಪದವಿಗೆ ಬೇಕಾದ ಕ್ರೆಡಿಟ್ ಇಲ್ಲ. ಕೆಲವರು ಇಂತಹ ಮೂರು ಹಂತಗಳನ್ನು ದಾಟಿದ ಮೇಲಷ್ಟೇ ಪದವಿಯ ಗಣಿತಕ್ಕೆ ಅರ್ಹರಾಗುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿರುವ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದ ಥಾಮಸ್ ಬೈಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದ ಪೂರ್ವಸಿದ್ಧತೆಗೆ ಸೂಚಿಸಲ್ಪಟ್ಟವರಲ್ಲಿ ಎಲ್ಲ ಹಂತಗಳನ್ನೂ ಮುಗಿಸಿದವರು ಶೇಕಡಾ 33 ಮಾತ್ರ. ಓದುಗಾರಿಕೆಯಲ್ಲಿ ಶೇಕಡಾ 46.

ಆ ಅಧ್ಯಯನದ ಹೆಚ್ಚು ಮಹತ್ವದ ಅಂಶ ಮತ್ತೊಂದಿದೆ. ಅನುತ್ತೀರ್ಣರಾಗಿ ಹೊರಬಿದ್ದವರಿಗಿಂತ, ಮೊದಲ ತರಗತಿಗೆ ಅಥವಾ ಮುಂದಿನ ತರಗತಿಗೆ ಹೆಸರನ್ನೇ ನೋಂದಾಯಿಸದೆ ಹೊರಬಿದ್ದವರು ಹೆಚ್ಚು. ಒಂದು ಹಂತದಲ್ಲಿ ಉತ್ತೀರ್ಣನಾದವನು ಕೂಡ ಮುಂದಿನ ಹಂತಕ್ಕೆ ಬರಲಿಲ್ಲ. ಯಂತ್ರದೊಳಗೆ ಮಾಲು ಕೆಡಲಿಲ್ಲ. ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಸಾಗಿಸುವ ದಾರಿಯಲ್ಲಿ ಕಾಣೆಯಾಯಿತು. ಇಂತಹ ನಷ್ಟವನ್ನು ಯಾವ ಲೆಕ್ಕ ಪರಿಶೋಧಕನೂ ಸಹಜ ನಷ್ಟವೆಂದು ಒಪ್ಪಲಾರ.

ಇದಕ್ಕೂ ಮೊದಲಿನ ತೂಕವೇ ತಪ್ಪಿತ್ತು ಎಂಬುದನ್ನು ಅದೇ ಕೇಂದ್ರದ ಜುಡಿತ್ ಸ್ಕಾಟ್-ಕ್ಲೇಟನ್ 2012ರಲ್ಲಿ ತೋರಿಸಿದರು. ಪ್ರವೇಶ ಪರೀಕ್ಷೆಯನ್ನೇ ನೆಚ್ಚಿಕೊಂಡಾಗ ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬ, ಇಂಗ್ಲಿಷ್‌ನಲ್ಲಿ ಸುಮಾರು ಮೂವರಲ್ಲಿ ಒಬ್ಬ ತನಗೆ ತೀರ ಸಲ್ಲದ ತರಗತಿಗೆ ಸೇರುತ್ತಿದ್ದ. ಪ್ರೌಢಶಾಲೆಯ ಅಂಕಪಟ್ಟಿ ಇದಕ್ಕಿಂತ ಉತ್ತಮ ಮಾನದಂಡವೆಂದು ಕಂಡುಬಂತು. ವ್ಯಾಪಕ ಬಳಕೆಯಲ್ಲಿದ್ದ 'ಕಂಪಾಸ್' ಪರೀಕ್ಷೆಯನ್ನು ಅದರ ಸಂಸ್ಥೆಯೇ 2016ರಲ್ಲಿ ಹಿಂತೆಗೆದುಕೊಂಡಿತು. ಫ್ಲಾರಿಡಾ ರಾಜ್ಯ 2013ರ ಕಾನೂನಿನಿಂದ ಬಹುಪಾಲು ವಿದ್ಯಾರ್ಥಿಗಳಿಗೆ ಪೂರ್ವಸಿದ್ಧತಾ ತರಗತಿಗಳನ್ನು ಐಚ್ಛಿಕಗೊಳಿಸಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಪ್ರೌಢಶಾಲೆಯ ಸಾಧನೆಯನ್ನೇ ಆಧಾರವಾಗಿಸಲು ಕಾನೂನು ಮಾಡಿತು.

ವ್ಯಾಸಂಗ ತ್ಯಜಿಸಲು ಕಾರಣಗಳು

ವಿದ್ಯಾರ್ಥಿ ಕಾಲೇಜು ಬಿಡುವುದರ ಕುರಿತ ಪ್ರಸಿದ್ಧ ಸಿದ್ಧಾಂತವನ್ನು ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದರು. ಕಾಲೇಜಿನ ಪಾಠಪ್ರವಚನದಲ್ಲಿಯೂ ಅಲ್ಲಿನ ಸಾಮಾಜಿಕ ಜೀವನದಲ್ಲಿಯೂ ಬೆರೆತವನು ಉಳಿಯುತ್ತಾನೆ, ಬೆರೆಯದವನು ಹೊರಡುತ್ತಾನೆ ಎಂಬುದು ಅದರ ಸಾರ. ಹಾಸ್ಟೆಲಿನಲ್ಲಿದ್ದು ಓದುವವರಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ಕೆಲಸ ಮುಗಿಸಿ, ಬಸ್ಸು ಹಿಡಿದು ಬಂದು, ಪಾಠ ಮುಗಿದೊಡನೆ ಮನೆಗೆ ಓಡುವವರಿಗೆ ಅಷ್ಟಾಗಿ ಅನ್ವಯಿಸದು. 1985ರಲ್ಲಿ ಜಾನ್ ಬೀನ್ ಮತ್ತು ಬಾರ್ಬರಾ ಮೆಟ್ಜ್ನರ್ ಇಂತಹ ವಿದ್ಯಾರ್ಥಿಗಳಿಗಾಗಿಯೇ ಬೇರೊಂದು ಮಾದರಿಯನ್ನು ರೂಪಿಸಿದರು. ಅದರ ಪ್ರಕಾರ ಕಾಲೇಜಿನ ಹೊರಗಿನ ಸಂಗತಿಗಳಾದ ಹಣಕಾಸು, ಕೆಲಸದ ಅವಧಿ, ಕುಟುಂಬದ ಹೊಣೆಗಾರಿಕೆ ಇವುಗಳ ತೂಕವೇ ಹೆಚ್ಚು.

ಹಣಕಾಸು ಎಂದೊಡನೆ ಬೋಧನಾ ಶುಲ್ಕ ನೆನಪಾಗುವುದು ಸಹಜ. ಆದರೆ ಕಡುಬಡ ವಿದ್ಯಾರ್ಥಿಗೆ ದೊರೆಯುವ ಕೇಂದ್ರ ಸರ್ಕಾರದ ಪೆಲ್ ಅನುದಾನದ ಗರಿಷ್ಠ ಮೊತ್ತ 2024-25ರಲ್ಲಿ 7,395 ಡಾಲರ್ ಇತ್ತು. ಇದು ಸರಾಸರಿ ಶುಲ್ಕಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಅನೇಕರ ಪಾಲಿಗೆ ಅಡ್ಡಿಯಾಗಿರುವುದು ಶುಲ್ಕವಲ್ಲ. ಮನೆ ಬಾಡಿಗೆ, ದಿನಸಿ, ಪ್ರಯಾಣ, ಪುಸ್ತಕ, ಮತ್ತು ಓದಿನ ಸಲುವಾಗಿ ಬಿಟ್ಟುಕೊಟ್ಟ ದುಡಿಮೆಯ ಗಂಟೆಗಳು. ಕಾರು ಕೆಟ್ಟುನಿಂತ ಒಂದು ವಾರ, ಮಾಲೀಕ ಪಾಳಿ ಬದಲಿಸಿದ ಒಂದು ತಿಂಗಳು ಇಡೀ ಅವಧಿಯನ್ನು ನುಂಗಿಹಾಕಬಲ್ಲದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಸಣ್ಣ ಮೊತ್ತಕ್ಕಾಗಿ ತಪ್ಪಿಹೋದ ಅವಧಿಯನ್ನು ಮುಂದೆ ದೊಡ್ಡ ಮೊತ್ತ ಕೊಟ್ಟರೂ ಮರಳಿ ಪಡೆಯುವುದು ಕಷ್ಟ.

ನ್ಯೂಯಾರ್ಕ್ ನಗರದ ಪ್ರಯೋಗ

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ 'ಎಸಾಪ್' ಎಂಬ ಸಂಕ್ಷಿಪ್ತನಾಮದ ಯೋಜನೆಯೊಂದನ್ನು ಆರಂಭಿಸಿತು. ಅಸೋಸಿಯೇಟ್ ಪದವಿಯನ್ನು ಮೂರು ವರ್ಷಗಳೊಳಗೆ ಮುಗಿಸುವಂತೆ ಮಾಡುವುದು ಇದರ ಗುರಿ. ವಿದ್ಯಾರ್ಥಿಗೆ ವಿಧಿಸಿದ ಷರತ್ತು: ಪೂರ್ಣಾವಧಿಗೆ ಸೇರಬೇಕು, ಪೂರ್ವಸಿದ್ಧತಾ ತರಗತಿಗಳನ್ನು ಆರಂಭದಲ್ಲಿಯೇ ಮುಗಿಸಬೇಕು, ಸಲಹೆಗಾರರನ್ನು ತಪ್ಪದೆ ಭೇಟಿಯಾಗಬೇಕು. ಪ್ರತಿಯಾಗಿ ವಿದ್ಯಾರ್ಥಿಗೆ ದೊರೆತದ್ದು ಹೀಗೆ:

1. ಅನುದಾನದ ಅನಂತರವೂ ಉಳಿಯುವ ಬೋಧನಾ ಶುಲ್ಕದ ಮನ್ನಾ.

2. ಪಠ್ಯಪುಸ್ತಕಗಳು ಉಚಿತ.

3. ನಗರದ ಬಸ್ಸು ಮತ್ತು ಸುರಂಗ ರೈಲಿನ ಪಾಸು ಉಚಿತ. ಯೋಜನೆಯಲ್ಲಿ ಭಾಗವಹಿಸುವುದಕ್ಕೆ ಈ ಪಾಸನ್ನು ಜೋಡಿಸಲಾಗಿತ್ತು.

4. 60ರಿಂದ 80 ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರ. ಅದೇ ಕಾಲೇಜುಗಳ ಉಳಿದ ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರನ ಪಾಲಿಗೆ 600ರಿಂದ 1,500 ಮಂದಿ ಇರುತ್ತಿದ್ದರು.

5. ಬೋಧನಾ ಸಹಾಯ, ಉದ್ಯೋಗ ಮಾರ್ಗದರ್ಶನ, ಮತ್ತು ಒಂದರ ಹಿಂದೊಂದು ಬರುವಂತೆ ಜೋಡಿಸಿದ ತರಗತಿಗಳ ವೇಳಾಪಟ್ಟಿ.

ಪಠ್ಯಕ್ರಮ ಬದಲಾಗಲಿಲ್ಲ, ಅಧ್ಯಾಪಕರು ಬದಲಾಗಲಿಲ್ಲ, ಉತ್ತೀರ್ಣತೆಯ ಮಟ್ಟವನ್ನು ಇಳಿಸಲಿಲ್ಲ. ಶೆಡ್ಡಿನಿಂದ ಶೆಡ್ಡಿಗೆ ಸಾಗುವ ದಾರಿಯನ್ನು ಭದ್ರಪಡಿಸಲಾಯಿತು.

ಫಲಿತಾಂಶದ ಪರಿಶೀಲನೆಯನ್ನು ಎಂ.ಡಿ.ಆರ್.ಸಿ. ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆಗೆ ಒಪ್ಪಿಸಲಾಯಿತು. ಬರೋ ಆಫ್ ಮ್ಯಾನ್‌ಹಟನ್, ಕಿಂಗ್ಸ್‌ಬರೋ ಮತ್ತು ಲಗಾರ್ಡಿಯಾ ಎಂಬ ಮೂರು ಸಮುದಾಯ ಕಾಲೇಜುಗಳಲ್ಲಿ, ಪೂರ್ವಸಿದ್ಧತೆಯ ಅಗತ್ಯವಿದ್ದ 896 ಅಲ್ಪಾದಾಯದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎಸಾಪ್, ಇನ್ನೊಂದಕ್ಕೆ ಎಂದಿನ ವ್ಯವಸ್ಥೆ. 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೂರು ವರ್ಷಗಳಲ್ಲಿ ಪದವಿ ಪಡೆದವರು ಎಂದಿನ ಗುಂಪಿನಲ್ಲಿ ಶೇಕಡಾ 21.8, ಎಸಾಪ್ ಗುಂಪಿನಲ್ಲಿ ಶೇಕಡಾ 40.1. ಚೀಟಿಯ ಮೂಲಕ ವಿಂಗಡಿಸಿದ್ದರಿಂದ, ಜಾಣರನ್ನೇ ಆರಿಸಿಕೊಂಡರು ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿಲ್ಲ.

ಪರಿವ್ಯಯ ಪಟ್ಟಿ

ಈಗ ವೆಚ್ಚದ ಕಡೆಗೆ ಬರಬಹುದು. ಎಸಾಪ್ ಅಗ್ಗದ ಯೋಜನೆಯಲ್ಲ. ಮೂರು ವರ್ಷಗಳಿಗೆ ಪ್ರತಿ ವಿದ್ಯಾರ್ಥಿಯ ಮೇಲೆ ಎಂದಿನ ವ್ಯವಸ್ಥೆಯಲ್ಲಿ ಸುಮಾರು 25,800 ಡಾಲರ್ ವೆಚ್ಚವಾದರೆ, ಎಸಾಪ್‌ನಲ್ಲಿ ಸುಮಾರು 42,100 ಡಾಲರ್. ಅಂದರೆ ಶೇಕಡಾ 63ರಷ್ಟು ಹೆಚ್ಚು. ಪ್ರವೇಶದ ಲೆಕ್ಕವನ್ನಷ್ಟೇ ನೋಡುವ ಹಣಕಾಸು ಅಧಿಕಾರಿ ಇಲ್ಲಿಯೇ ಕಡತವನ್ನು ಮುಚ್ಚಿಬಿಡುತ್ತಾನೆ. ಪದವಿಯ ಲೆಕ್ಕವನ್ನು 100 ವಿದ್ಯಾರ್ಥಿಗಳಿಗೆ ಅನ್ವಯಿಸಿ ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಎಂದಿನ ವ್ಯವಸ್ಥೆ: ಒಟ್ಟು ವೆಚ್ಚ 25,80,000 ಡಾಲರ್, ಪದವೀಧರರು 21.8; ಪ್ರತಿ ಪದವಿಯ ವೆಚ್ಚ ಸುಮಾರು 1,18,000 ಡಾಲರ್.

ಎಸಾಪ್: ಒಟ್ಟು ವೆಚ್ಚ 42,10,000 ಡಾಲರ್, ಪದವೀಧರರು 40.1; ಪ್ರತಿ ಪದವಿಯ ವೆಚ್ಚ ಸುಮಾರು 1,05,000 ಡಾಲರ್.

ವ್ಯತ್ಯಾಸ: ಹೆಚ್ಚುವರಿ ವೆಚ್ಚ 16,30,000 ಡಾಲರ್, ಹೆಚ್ಚುವರಿ ಪದವೀಧರರು 18.3, ಪ್ರತಿ ಹೆಚ್ಚುವರಿ ಪದವಿಯ ವೆಚ್ಚ ಸುಮಾರು 89,000 ಡಾಲರ್.

ಪ್ರತಿ ವಿದ್ಯಾರ್ಥಿಗೆ ಶೇಕಡಾ 63ರಷ್ಟು ದುಬಾರಿಯಾದ ಯೋಜನೆ ಪ್ರತಿ ಪದವಿಗೆ ಸುಮಾರು ಶೇಕಡಾ 11ರಷ್ಟು ಅಗ್ಗವಾಯಿತು. ಮೂರನೆಯ ಸಾಲು ಇನ್ನೂ ಗಮನಾರ್ಹ. ಸೀಮಾಂತ ಪರಿವ್ಯಯದ ದೃಷ್ಟಿಯಿಂದ ನೋಡಿದರೆ, ಹೊಸದಾಗಿ ದೊರೆತ ಪ್ರತಿ ಪದವಿಗೆ ತಗುಲಿದ್ದು ಹಳೆಯ ವ್ಯವಸ್ಥೆಯ ಸರಾಸರಿ ವೆಚ್ಚದ ಮುಕ್ಕಾಲು ಭಾಗ ಮಾತ್ರ. ಕಟ್ಟಡ, ಅಧ್ಯಾಪಕರು, ಆಡಳಿತ ಇವುಗಳ ವೆಚ್ಚ ಈಗಾಗಲೇ ಆಗುತ್ತಿದೆ. ಬಿಟ್ಟುಹೋಗುವವನ ಮೇಲೂ ಆಗುತ್ತಿದೆ. ಅವನನ್ನು ಉಳಿಸಿಕೊಳ್ಳಲು ಬೇಕಾದುದು ಅದರ ಮೇಲಿನ ಒಂದು ಹೆಚ್ಚುವರಿ ಮೊತ್ತವಷ್ಟೇ.

ಈ ಫಲಿತಾಂಶ ನ್ಯೂಯಾರ್ಕಿಗೆ ಮಾತ್ರ ಸೀಮಿತವೇ ಎಂಬ ಸಂಶಯಕ್ಕೆ ಒಹಾಯೊ ರಾಜ್ಯ ಉತ್ತರ ನೀಡಿತು. ಅಲ್ಲಿನ ಮೂರು ಸಮುದಾಯ ಕಾಲೇಜುಗಳಲ್ಲಿ ಇದೇ ಮಾದರಿಯನ್ನು 2015ರಿಂದ ಪರೀಕ್ಷಿಸಲಾಯಿತು. ಸುರಂಗ ರೈಲಿಲ್ಲದ ಊರುಗಳಾದ್ದರಿಂದ ಪಾಸಿನ ಬದಲು ಪೆಟ್ರೋಲಿಗೋ ದಿನಸಿಗೋ ಬಳಸಬಹುದಾದ 50 ಡಾಲರುಗಳ ಮಾಸಿಕ ಕೂಪನ್ನು ನೀಡಲಾಯಿತು. ಮೂರು ವರ್ಷಗಳ ಪದವಿ ಪ್ರಮಾಣ ಶೇಕಡಾ 19ರಿಂದ 35ಕ್ಕೆ ಏರಿತು. ಪ್ರತಿ ವಿದ್ಯಾರ್ಥಿಯ ವೆಚ್ಚ ಶೇಕಡಾ 42ರಷ್ಟು ಹೆಚ್ಚಾದರೂ ಪ್ರತಿ ಪದವಿಯ ವೆಚ್ಚ ಶೇಕಡಾ 22ರಷ್ಟು ಇಳಿಯಿತು.

ಹಣ ಮಾತ್ರ ಸಾಕೇ?

ಹಾಗಾದರೆ ವಿದ್ಯಾರ್ಥಿಯ ಕೈಗೆ ನೇರವಾಗಿ ಹಣ ಕೊಟ್ಟರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದ ಟ್ಯಾರಂಟ್ ಕೌಂಟಿ ಕಾಲೇಜಿನಲ್ಲಿ ಸ್ಥಳೀಯ ಕ್ಯಾಥೊಲಿಕ್ ಸೇವಾ ಸಂಸ್ಥೆಯೊಂದು ನಡೆಸಿದ ಪ್ರಯೋಗದಲ್ಲಿ ಮೂರು ಗುಂಪುಗಳಿದ್ದವು. ಒಂದು ಗುಂಪಿಗೆ ತುರ್ತು ಧನಸಹಾಯದ ಅವಕಾಶ ಮಾತ್ರ. ಇನ್ನೊಂದಕ್ಕೆ ಧನಸಹಾಯದೊಡನೆ ಕಷ್ಟಸುಖ ವಿಚಾರಿಸಿ ದಾರಿ ತೋರುವ ಒಬ್ಬ ಸಮಾಜ ಕಾರ್ಯಕರ್ತ. ಮೂರನೆಯದಕ್ಕೆ ಎಂದಿನ ವ್ಯವಸ್ಥೆ. ಹಣ ಮಾತ್ರ ದೊರೆತ ಗುಂಪಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಕಾರ್ಯಕರ್ತನ ಆಸರೆಯೂ ಇದ್ದ ಗುಂಪಿನಲ್ಲಿ ಮಹಿಳೆಯರು ವ್ಯಾಸಂಗ ಮುಂದುವರಿಸಿದ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತು. ಪುರುಷರಲ್ಲಿ ಅಂತಹ ಪರಿಣಾಮ ಕಂಡುಬರಲಿಲ್ಲ. ಹಣವೂ ಬೇಕು, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯನೂ ಬೇಕು. ಎರಡರಲ್ಲಿ ಎರಡನೆಯದನ್ನು ಆಯವ್ಯಯದಲ್ಲಿ ಮೊದಲು ಕತ್ತರಿಸಲಾಗುತ್ತದೆ.

ಎಚ್ಚರಿಕೆಯ ಮೂರು ಮಾತುಗಳು

ಲೆಕ್ಕವನ್ನು ಒಪ್ಪಿಸುವಾಗ ಟಿಪ್ಪಣಿಗಳನ್ನು ಮರೆಮಾಚಬಾರದು.

ಮೊದಲನೆಯದಾಗಿ, ನ್ಯೂಯಾರ್ಕಿನ ಅದೇ ವಿದ್ಯಾರ್ಥಿಗಳನ್ನು ಆರು ವರ್ಷಗಳವರೆಗೆ ಹಿಂಬಾಲಿಸಿದಾಗ ಎಸಾಪ್ ಗುಂಪಿನಲ್ಲಿ ಶೇಕಡಾ 51, ಎಂದಿನ ಗುಂಪಿನಲ್ಲಿ ಶೇಕಡಾ 41 ಮಂದಿ ಪದವಿ ಪಡೆದಿದ್ದರು. 18 ಅಂಶಗಳಷ್ಟಿದ್ದ ಅಂತರ 10ಕ್ಕೆ ಇಳಿಯಿತು. ಮೊದಲ ಮೂರು ವರ್ಷಗಳ ಲಾಭದಲ್ಲಿ ಒಂದು ಭಾಗ ಹೆಚ್ಚುವರಿ ಪದವಿಯಲ್ಲ, ಬೇಗ ಬಂದ ಪದವಿ. ಬೇಗ ಬಂದ ಪದವಿಗೂ ಬೆಲೆಯುಂಟು. ಆದರೆ ಎರಡನ್ನೂ ಒಂದೇ ಖಾತೆಗೆ ಹಾಕುವುದು ಸರಿಯಲ್ಲ.

ಎರಡನೆಯದಾಗಿ, ಘಟಕ ವೆಚ್ಚ ಇಳಿದರೂ ಕೈಯಿಂದ ಬಿಡುವ ನಗದು ಹೆಚ್ಚುತ್ತದೆ. ಉಳಿತಾಯದ ಫಲ ವರ್ಷಗಳ ಅನಂತರ ಸಮಾಜಕ್ಕೆ, ತೆರಿಗೆ ಇಲಾಖೆಗೆ, ಉದ್ಯೋಗದಾತನಿಗೆ ಸಿಗುತ್ತದೆ. ವೆಚ್ಚದ ಹೊರೆ ಮಾತ್ರ ಇಂದೇ ಕಾಲೇಜಿನ ಮೇಲೆ ಬೀಳುತ್ತದೆ. ಪ್ರವೇಶದ ಸಂಖ್ಯೆಗೆ ತಕ್ಕಂತೆ ಅನುದಾನ ಪಡೆಯುವ ಕಾಲೇಜಿಗೆ ಬಿಟ್ಟುಹೋದವನ ಜಾಗದಲ್ಲಿ ಹೊಸಬನನ್ನು ಸೇರಿಸಿಕೊಳ್ಳುವುದೇ ಸುಲಭದ ದಾರಿ.

ಮೂರನೆಯದಾಗಿ, ಅಳತೆಗೋಲನ್ನು ಬದಲಿಸಿದರೆ ನಡವಳಿಕೆಯೂ ಬದಲಾಗುತ್ತದೆ. ಆದರೆ ಬಯಸಿದ ದಿಕ್ಕಿನಲ್ಲಿಯೇ ಬದಲಾಗುತ್ತದೆಂಬ ಭರವಸೆಯಿಲ್ಲ. ವಾಷಿಂಗ್ಟನ್ ರಾಜ್ಯ 2007ರಲ್ಲಿ ಸಮುದಾಯ ಕಾಲೇಜುಗಳ ಅನುದಾನದ ಒಂದು ಭಾಗವನ್ನು ಸಾಧನೆಗೆ ಜೋಡಿಸಿತು. ಆಮೇಲೆ ನಡೆದ ಅಧ್ಯಯನದಲ್ಲಿ ಹೆಚ್ಚಿದ್ದು ಅಲ್ಪಾವಧಿಯ ಪ್ರಮಾಣಪತ್ರಗಳು. ಅಸೋಸಿಯೇಟ್ ಪದವಿಗಳಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಮಾರಾಟದ ಗುರಿ ಮುಟ್ಟಲು ಸಣ್ಣ ಪೊಟ್ಟಣಗಳನ್ನು ತಳ್ಳುವ ವಿತರಕನ ಉಪಾಯವನ್ನು ಕಾಲೇಜುಗಳೂ ಬೇಗ ಕಲಿಯುತ್ತವೆ.

ನಮ್ಮ ನಾಡಿಗೆ ಅನ್ವಯ

ಸಮುದಾಯ ಕಾಲೇಜು ಭಾರತಕ್ಕೆ ಅಪರಿಚಿತವಲ್ಲ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, 1996ರಲ್ಲಿ ಮದರಾಸು ಇಂತಹ ಪ್ರಯತ್ನಗಳಿಗೆ ನೆಲೆಯಾದವು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 2013ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗವು ಸಮುದಾಯ ಕಾಲೇಜುಗಳ ಯೋಜನೆಯನ್ನು ಜಾರಿಗೊಳಿಸಿತು. ಸ್ಥಳೀಯ ಉದ್ದಿಮೆಯ ಸಹಭಾಗಿತ್ವ ಅದರ ಒಂದು ಮುಖ್ಯ ಅಂಗ. ಅಮೆರಿಕದಲ್ಲಿಯೂ ಈ ಕಾಲೇಜುಗಳ ವೃತ್ತಿಶಿಕ್ಷಣ ಸಲಹಾ ಸಮಿತಿಗಳಲ್ಲಿ ಸ್ಥಳೀಯ ಉದ್ಯಮಿಗಳು ಕುಳಿತುಕೊಳ್ಳುತ್ತಾರೆ. ಆದ್ದರಿಂದ ಈ ಪಾಠ ವಾಣಿಜ್ಯ ಸಂಸ್ಥೆಯ ಸದಸ್ಯರಿಗೆ ದೂರದ ಸುದ್ದಿಯಾಗಿ ಉಳಿಯಬೇಕಾಗಿಲ್ಲ.

ಕಂಪನಿಗಳ ಕಾಯಿದೆ 2013ರ 135ನೆಯ ಕಲಮು ನಿಗದಿತ ಮಿತಿಯ ಮೇಲಿನ ಕಂಪನಿಗಳಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸುವ ಬಾಧ್ಯತೆಯನ್ನು ವಿಧಿಸಿದೆ. ಏಳನೆಯ ಅನುಸೂಚಿಯಲ್ಲಿ ಶಿಕ್ಷಣವೂ ಉದ್ಯೋಗ ಕೌಶಲವೂ ಸೇರಿವೆ. ಹೀಗೆ ವಿನಿಯೋಗವಾಗುವ ಹಣದ ವರದಿಯಲ್ಲಿ ಸಾಮಾನ್ಯವಾಗಿ ಕಾಣುವುದು 'ಫಲಾನುಭವಿಗಳ ಸಂಖ್ಯೆ', ಅಂದರೆ ಮತ್ತೆ ಪ್ರವೇಶದ ಲೆಕ್ಕವೇ. ಕಂಪನಿಗಳೂ ಸಣ್ಣ ವ್ಯಾಪಾರಸ್ಥರೂ ಕೆಳಕಂಡ ಅಂಶಗಳನ್ನು ಪರಿಶೀಲಿಸಬಹುದು.

1. ಶಿಕ್ಷಣಕ್ಕೆ ನೆರವು ನೀಡುವಾಗ, ಸೇರಿದವರೆಷ್ಟು ಎಂಬುದರ ಜೊತೆಗೆ ನಿಗದಿತ ಅವಧಿಯಲ್ಲಿ ಮುಗಿಸಿದವರೆಷ್ಟು ಎಂಬ ಅಂಕಿಯನ್ನೂ ಕೇಳುವುದು. ಪ್ರತಿ ಪದವಿಯ ಅಥವಾ ಡಿಪ್ಲೊಮಾದ ವೆಚ್ಚವನ್ನು ವರ್ಷವರ್ಷವೂ ದಾಖಲಿಸುವುದು.

2. ವಿದ್ಯಾರ್ಥಿ ವೇತನವನ್ನು ಮೊದಲ ವರ್ಷಕ್ಕೇ ಮುಗಿಸದೆ, ಒಂದು ಅವಧಿಯಿಂದ ಮುಂದಿನ ಅವಧಿಗೆ ನೋಂದಾಯಿಸುವ ಸಮಯದಲ್ಲಿ ಕೈಸೇರುವಂತೆ ಹಂಚುವುದು. ಸೋರಿಕೆ ಹೆಚ್ಚಾಗಿ ಅಲ್ಲಿಯೇ ಇರುವುದು.

3. ಕಟ್ಟಡ ಮತ್ತು ಕಂಪ್ಯೂಟರುಗಳಿಗೆ ನೀಡುವ ದೇಣಿಗೆಯಲ್ಲಿ ಒಂದು ಪಾಲನ್ನು ಒಬ್ಬ ವಿದ್ಯಾರ್ಥಿ ಸಲಹೆಗಾರನ ಸಂಬಳಕ್ಕೆ ಮೀಸಲಿಡುವುದು. ಸತತವಾಗಿ ಗೈರುಹಾಜರಾದವನ ಮನೆಗೆ ಫೋನು ಮಾಡಿ ವಿಚಾರಿಸುವವನು ಅವನೇ.

4. ಪ್ರಯಾಣದ ವೆಚ್ಚವನ್ನು ಲಘುವಾಗಿ ಕಾಣದಿರುವುದು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರ ಈ ಹೊರೆಯನ್ನು ಇಳಿಸಿತು. ನೆರವು ಬೇರೆಡೆ ಎಲ್ಲಿ ಬೇಕೆಂಬುದನ್ನು ಆಯಾ ಕಾಲೇಜಿನೊಡನೆ ಚರ್ಚಿಸಿ ನಿರ್ಧರಿಸಬಹುದು.

5. ತಮ್ಮ ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುತ್ತಾ ಸಂಜೆ ಕಾಲೇಜಿನಲ್ಲಿಯೋ ದೂರಶಿಕ್ಷಣದ ಮೂಲಕವೋ ಓದುವ ನೌಕರರ ಪಟ್ಟಿ ಇಟ್ಟುಕೊಳ್ಳುವುದು. ಪರೀಕ್ಷೆಯ ತಿಂಗಳಿನಲ್ಲಿ ಅವರ ಪಾಳಿಯನ್ನು ಬದಲಿಸದಿರುವುದು. ಇದಕ್ಕೆ ತಗುಲುವ ವೆಚ್ಚ ಬಹುತೇಕ ಶೂನ್ಯ.

ಕೊನೆಯ ಅಂಶ ಸಣ್ಣದಾಗಿ ಕಂಡರೂ ನೇರವಾಗಿ ಮಾಲೀಕರ ಕೈಯಲ್ಲಿರುವುದು ಅದೊಂದೇ. ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯದ ಒತ್ತಡದಲ್ಲಿ ಗುಮಾಸ್ತನೊಬ್ಬನ ಪರೀಕ್ಷೆ ತಪ್ಪಿಹೋದರೆ ಅದು ಯಾವ ಖಾತೆಯಲ್ಲಿಯೂ ನಷ್ಟವೆಂದು ಬರೆಯಲ್ಪಡುವುದಿಲ್ಲ. ಆದರೆ ಮುಂದೆ ನಾಲ್ಕು ವರ್ಷ ಕಳೆದು, ಅರ್ಹ ಲೆಕ್ಕಿಗರು ಸಿಗುತ್ತಿಲ್ಲವೆಂದು ಅದೇ ಸಂಸ್ಥೆ ಜಾಹೀರಾತು ನೀಡುವಾಗ ಆ ನಷ್ಟ ಬೇರೊಂದು ಹೆಸರಿನಲ್ಲಿ ಖರ್ಚಿನ ಬದಿಗೆ ಬಂದು ಸೇರಿರುತ್ತದೆ.

ಉಪಸಂಹಾರ

ಅಮೆರಿಕದ ಸಮುದಾಯ ಕಾಲೇಜುಗಳು ಶತಮಾನಕ್ಕೂ ಮಿಕ್ಕ ಕಾಲ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಒಳಬಂದವರನ್ನು ಎಣಿಸಿ ಸಂತೋಷಪಟ್ಟವು. ಅದು ಸಣ್ಣ ಸಾಧನೆಯಲ್ಲ. ಆ ಬಾಗಿಲಿಲ್ಲದಿದ್ದರೆ ಲಕ್ಷಾಂತರ ಮಂದಿ ಕಾಲೇಜಿನ ಮುಖವನ್ನೇ ಕಾಣುತ್ತಿರಲಿಲ್ಲ. ಹೊರಹೋಗುವ ಬಾಗಿಲಿನಲ್ಲಿಯೂ ಒಬ್ಬ ಎಣಿಕೆಗಾರನನ್ನು ನಿಲ್ಲಿಸಿದಾಗ ಮಾತ್ರ, ಪ್ರತಿ ವಿದ್ಯಾರ್ಥಿಗೆ ಕಡಿಮೆ ಖರ್ಚು ಮಾಡುವ ಕಾಲೇಜು ಪ್ರತಿ ಪದವಿಗೆ ಹೆಚ್ಚು ಖರ್ಚು ಮಾಡುತ್ತಿತ್ತೆಂಬ ಸತ್ಯ ಹೊರಬಿದ್ದಿತು. ಉಳಿತಾಯವೆಂದು ಭಾವಿಸಿದ್ದು ಉಳಿತಾಯವಾಗಿರಲಿಲ್ಲ. ಶಿಕ್ಷಣಕ್ಕಾಗಿ ಹಣ ನೀಡುವ ಪ್ರತಿಯೊಬ್ಬರೂ, ಸರ್ಕಾರವಾಗಲಿ ಕಂಪನಿಯಾಗಲಿ ಊರಿನ ದತ್ತಿನಿಧಿಯಾಗಲಿ, ವರ್ಷದ ಕೊನೆಯಲ್ಲಿ ಈ ಎರಡೂ ಬಾಗಿಲುಗಳ ಎಣಿಕೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.